ಬಂಡೆ ಮತ್ತು ಸಮಾಧಿ: ಆವಣಿ, ಕವಿಶೈಲಗಳಲ್ಲಿ ಕವಿಸ್ಮೃತಿಯ ನೆಲೆಗಳು

ಕವಿಯ ನೆನಪನ್ನು ಸಮುದಾಯವೊಂದು ಎಲ್ಲಿ ನೆಲೆಗೊಳಿಸುತ್ತದೆ ಎಂಬುದು ಸಾಹಿತ್ಯಚರಿತ್ರೆಯಂತೆ ಜಾನಪದಕ್ಕೂ ಸೇರಿದ ಪ್ರಶ್ನೆ. ಮುಳಬಾಗಿಲು ತಾಲ್ಲೂಕಿನ ತಾಯಲೂರು ಸೀಮೆಯಲ್ಲಿ ಈ ಪ್ರಶ್ನೆಗೆ ಹಳೆಯದೊಂದು ಉತ್ತರವಿದೆ. ಇದೇ ತಾಲ್ಲೂಕಿನ ಆವಣಿ ಬೆಟ್ಟದಲ್ಲಿ ವಾಲ್ಮೀಕಿ ವಾಸವಾಗಿದ್ದನೆಂದೂ ಸೀತೆ ಲವಕುಶರನ್ನು ಹಡೆದದ್ದು ಅಲ್ಲಿಯೇ ಎಂದೂ ಸ್ಥಳಪುರಾಣ ಹೇಳುತ್ತದೆ. ಮಕ್ಕಳ ಫಲಕ್ಕಾಗಿ ಹರಕೆ ಹೊತ್ತ ಹೆಣ್ಣುಮಕ್ಕಳು ಇಂದಿಗೂ ಬೆಟ್ಟದ ಮೇಲಿನ ಸೀತೆಯ ಗುಡಿಗೆ ಹತ್ತುತ್ತಾರೆ. ಈ ಐತಿಹ್ಯದ ಕೇಂದ್ರದಲ್ಲಿರುವುದು ಆದಿಕವಿಯ ಮರಣವಲ್ಲ, ಅವನ ಆಶ್ರಯ. ನೊಂದ ಹೆಣ್ಣಿಗೆ ನೆಲೆಯಿತ್ತವನೆಂದು ಜನಪದರು ಕವಿಯನ್ನು ಬಂಡೆಯೊಂದಿಗೆ ಬೆಸೆದಿದ್ದಾರೆ.

ಆಧುನಿಕ ಕನ್ನಡದಲ್ಲಿ ರಾಮಾಯಣವನ್ನು ಮರುಸೃಷ್ಟಿಸಿದ ಕುವೆಂಪು (1904–1994) ಅವರ ಸಮಾಧಿಯಿರುವ ಕವಿಶೈಲವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕಾಗುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಮನೆಯ ಹಿಂದಿನ ಗುಡ್ಡದ ಈ ಹಾಸುಬಂಡೆಯಿಂದ ಸಹ್ಯಾದ್ರಿಯ ಶ್ರೇಣಿಗಳು ಒಂದರ ಹಿಂದೊಂದು ಕಾಣುತ್ತವೆ. ಕವಿ ಕುಳಿತು ಧ್ಯಾನಿಸಿದ, ಹೆಸರಿಟ್ಟು ಹಾಡಿದ ತಾಣವಿದು. ಬಿ.ಎಂ.ಶ್ರೀ. ಮತ್ತು ಟಿ.ಎಸ್. ವೆಂಕಣ್ಣಯ್ಯನವರ ಭೇಟಿಯ ಗುರುತಾಗಿ ಅವರ ಹಸ್ತಾಕ್ಷರಗಳು ಕುವೆಂಪು ಅವರ ಹಸ್ತಾಕ್ಷರದೊಡನೆ ಕಲ್ಲಿನಲ್ಲಿವೆ. 1994ರ ನವೆಂಬರಿನಲ್ಲಿ ಕವಿಯ ಅಂತ್ಯಸಂಸ್ಕಾರ ಇಲ್ಲಿ ನಡೆಯುವ ಎಷ್ಟೋ ದಶಕಗಳ ಮೊದಲೇ ಕವಿಶೈಲವು ಕಾವ್ಯಸ್ಥಳವಾಗಿತ್ತು.

ಅನಂತರ ಕಲಾವಿದ ಕೆ.ಟಿ. ಶಿವಪ್ರಸಾದ್ ಅವರ ವಿನ್ಯಾಸದಂತೆ ಬೃಹತ್ ಕಲ್ಲುಗಂಬಗಳೂ ಅವುಗಳ ಮೇಲಿನ ಅಡ್ಡಗಲ್ಲುಗಳೂ ಇಲ್ಲಿ ವರ್ತುಲಾಕಾರವಾಗಿ ನಿಂತವು. ಬೃಹತ್ ಶಿಲಾಯುಗದ ಸಮಾಧಿಗಳನ್ನು ನೆನಪಿಸುವ ಈ ರಚನೆಯಲ್ಲಿ ಗೋಪುರವಿಲ್ಲ, ಗರ್ಭಗುಡಿಯಿಲ್ಲ, ಯಾವ ಮತದ ಲಾಂಛನವೂ ಇಲ್ಲ. ಪುರೋಹಿತಶಾಹಿಯನ್ನು ಜೀವನದುದ್ದಕ್ಕೂ ವಿರೋಧಿಸಿದ, ಮಂತ್ರಮಾಂಗಲ್ಯದಂತಹ ಸರಳ ವಿವಾಹಪದ್ಧತಿಯನ್ನು ರೂಪಿಸಿದ ಕವಿಗೆ ಮತಪೂರ್ವವೆನ್ನಬಹುದಾದ ಈ ಆಕಾರ ಉಚಿತವಾಗಿಯೇ ಇದೆ.

ಆದರೆ ಸ್ಮಾರಕದ ಅರ್ಥವನ್ನು ಶಿಲ್ಪಿಯೊಬ್ಬನೇ ನಿರ್ಧರಿಸಲಾರ. ವೀರಗಲ್ಲು, ಮಾಸ್ತಿಕಲ್ಲು, ಗದ್ದುಗೆಗಳ ಪರಂಪರೆಯುಳ್ಳ ನಾಡಿನಲ್ಲಿ ಸಮಾಧಿಯ ಮುಂದೆ ಪಾದರಕ್ಷೆ ಕಳಚುವುದು, ಹೂವಿಡುವುದು, ಕೈಮುಗಿಯುವುದು ಸಹಜವಾದ ನಡೆ. ಇದನ್ನು ವೈಚಾರಿಕತೆಯ ಸೋಲೆಂದು ಕರೆಯುವುದು ಅವಸರದ ತೀರ್ಮಾನವಾದೀತು. ಕೃತಜ್ಞತೆಯನ್ನು ಸಲ್ಲಿಸಲು ಜನರಿಗೆ ತಿಳಿದಿರುವ ಭಾಷೆಯದು. ನಿಜವಾದ ಅಪಾಯ ಬೇರೆಡೆಯಿದೆ. ಸೂರ್ಯಾಸ್ತವನ್ನೂ ಕಲ್ಲುಗಂಬಗಳನ್ನೂ ಛಾಯಾಚಿತ್ರಕ್ಕಾಗಿ ನೋಡಿ ಹಿಂದಿರುಗುವ ಪ್ರವಾಸದಲ್ಲಿ ಭಕ್ತಿಯೂ ಇಲ್ಲ, ಓದೂ ಇಲ್ಲ. ಎದ್ದು ನಿಂತ ಕಲ್ಲುಗಳು ಕಣ್ಣನ್ನು ಸೆಳೆದಷ್ಟೂ ಕವಿಯನ್ನು ರೂಪಿಸಿದ ಮಲಗಿದ ಬಂಡೆ ಕೇವಲ ನೆಲವಾಗಿಬಿಡುತ್ತದೆ.

ಆವಣಿಯ ನಿದರ್ಶನ ಇಲ್ಲಿ ಪ್ರಸ್ತುತವೆನಿಸುತ್ತದೆ. ಅಲ್ಲಿ ಬೆಟ್ಟ ಹತ್ತುವವರು ರಾಮಾಯಣವನ್ನು ಓದಿರಬೇಕಾಗಿಲ್ಲ. ಸೀತೆಯ ಕಥೆಯಾಗಿ ಅದು ಅವರೊಡನೆ ಹತ್ತುತ್ತದೆ. ಕಥೆಯ ನಿರಂತರ ಹೇಳಿಕೆಯೇ ಆ ಬಂಡೆಯನ್ನು ಕವಿಸ್ಥಳವಾಗಿ ಉಳಿಸಿದೆ. ಕವಿಶೈಲಕ್ಕೂ ಇಂತಹ ಉಳಿವು ಬೇಕೆಂದಾದರೆ ಅಲ್ಲಿ ಕುವೆಂಪು ಕಾವ್ಯದ ವಾಚನ, ಗಾಯನಗಳು ಸಂದರ್ಶನದ ಭಾಗವಾಗಬೇಕು. ಸಮಾಧಿ ಕವಿಯ ದೇಹಕ್ಕೆ ಸಂಬಂಧಿಸಿದ್ದು. ಬಂಡೆಗೆ ಬೇಕಿರುವುದು ಅವನ ಮಾತು.