ಎರವಲು ವಾಚು

ಮುಂಬೈಗೆ ಬಂದ ಹೊಸದರಲ್ಲಿ ಸ್ಟುಡಿಯೋ ಒಂದರಲ್ಲಿ ಫೋಟೋ ತೆಗೆಸಿ ಊರಿಗೆ ಕಳಿಸಿದ್ದೆ. ಕೈಯಲ್ಲಿದ್ದ ವಾಚು ರೂಮಿನ ಗೆಳೆಯನದು, ಕೋಟು ಸ್ಟುಡಿಯೋದವನದು. ಅವ್ವನಿಗೆ ಸುಳ್ಳು ಹೇಳಿದೆನಲ್ಲ ಅಂತ ಬಹಳ ವರ್ಷ ಅಳುಕಿತ್ತು. ಸೆಯ್ದು ಕೇಯ್ತಾನ ಚಿತ್ರಗಳನ್ನು ನೋಡಿದ ಮೇಲೆ ಅದು ಹೋಯಿತು.

ಕೇಯ್ತಾ ಪಶ್ಚಿಮ ಆಫ್ರಿಕಾದ ಮಾಲಿ ದೇಶದವನು. ಶಾಲೆಗೆ ಹೋದವನಲ್ಲ, ಬಡಗಿ ಕೆಲಸ ಕಲಿತವನು. 1935ರಲ್ಲಿ ಸೆನೆಗಲ್‌ಗೆ ಹೋಗಿಬಂದ ಬಂಧುವೊಬ್ಬ ಕೊಡಾಕ್ ಬ್ರೌನಿ ಕ್ಯಾಮೆರಾ ತಂದುಕೊಟ್ಟ. 1948ರಲ್ಲಿ ಬಮಾಕೋ ಪಟ್ಟಣದ ರೈಲ್ವೆ ನಿಲ್ದಾಣದ ಹತ್ತಿರ ಕೇಯ್ತಾ ಸ್ವಂತ ಸ್ಟುಡಿಯೋ ತೆರೆದ. ರೈಲಿಳಿದ ಪರವೂರಿನವರೂ ಅಲ್ಲಿಗೆ ಬರುತ್ತಿದ್ದರು.

ಅವನ ಮೊದಲ ಪರದೆ ಯಾವುದು ಗೊತ್ತೇ? ಸ್ವಂತ ಮಂಚದ ಹೊದಿಕೆ! ಎರಡು ಮೂರು ವರ್ಷಕ್ಕೊಮ್ಮೆ ಪರದೆ ಬದಲಾಗುತ್ತಿತ್ತು. ಯಾವ ಚಿತ್ರ ಯಾವ ಕಾಲದ್ದು ಎಂದು ಮುಂದೆ ಅವನೇ ಗುರುತಿಸಿದ್ದು ಆ ಪರದೆಗಳಿಂದ. ಅಂಗಳದ ಬಿಸಿಲೇ ಬೆಳಕು. ಫಿಲ್ಮ್ ದುಬಾರಿ, ಹಾಗಾಗಿ ಒಬ್ಬರಿಗೆ ಸಾಮಾನ್ಯವಾಗಿ ಒಂದೇ ಕ್ಲಿಕ್. ಕೋಟು, ಟೈ, ವಾಚು, ಪೆನ್ನು, ರೇಡಿಯೋ, ಸ್ಕೂಟರ್ ಎಲ್ಲ ಅವನೇ ಒದಗಿಸುತ್ತಿದ್ದ. ಬಿಳಿ ಸೂಟು, ದಪ್ಪ ಕನ್ನಡಕ, ಜೇಬಲ್ಲಿ ಪೆನ್ನು, ಕೈಯಲ್ಲೊಂದು ಪ್ಲಾಸ್ಟಿಕ್ ಹೂವು ಹಿಡಿದು ಕೂತ ತರುಣನ ಚಿತ್ರ ಈಗ ಜಗತ್ಪ್ರಸಿದ್ಧ. ಇದನ್ನು ಬರೀ ಶೋಕಿ ಅನ್ನಬೇಡಿ. ಫ್ರೆಂಚರ ಆಳ್ವಿಕೆಯಲ್ಲಿದ್ದ ಊರಿನ ಜನ ತಮ್ಮನ್ನು ಹೇಗೆ ನೋಡಬೇಕೆಂದು ತಾವೇ ತೀರ್ಮಾನಿಸುತ್ತಿದ್ದರು.

1960ರಲ್ಲಿ ದೇಶ ಸ್ವತಂತ್ರವಾಯಿತು. ಕೆಲವೇ ವರ್ಷಗಳಲ್ಲಿ ಕೇಯ್ತಾ ಸರ್ಕಾರಿ ಫೋಟೋಗ್ರಾಫರ್ ಆದ, ಸ್ಟುಡಿಯೋ ಮುಚ್ಚಿತು. 1991ರ ನ್ಯೂಯಾರ್ಕ್ ಪ್ರದರ್ಶನದಲ್ಲಿ ಅವನ ಚಿತ್ರಗಳಿದ್ದವು, ಹೆಸರಿರಲಿಲ್ಲ. ಫ್ರಾನ್ಸಿನ ಆಂದ್ರೆ ಮಾನ್ಯಾ ಬಮಾಕೋಗೆ ಹೋಗಿ ಅವನನ್ನು ಪತ್ತೆ ಹಚ್ಚಿದರು. 1994ರಲ್ಲಿ ಪ್ಯಾರಿಸ್‌ನಲ್ಲಿ ದೊಡ್ಡ ಪ್ರದರ್ಶನ ನಡೆಯಿತು. 2001ರಲ್ಲಿ ಕೇಯ್ತಾ ತೀರಿಕೊಂಡ.

ನನ್ನ ತಕರಾರು ಇರುವುದು ಇಲ್ಲೇ. ಗಿರಾಕಿಗೆ ಅವನು ಕೊಡುತ್ತಿದ್ದದ್ದು ಹೆಚ್ಚಾಗಿ 13×18 ಸೆಂಟಿಮೀಟರಿನ, ನೆಗೆಟಿವ್‌ನಷ್ಟೇ ಅಳತೆಯ ಪ್ರಿಂಟು. ಅಂಗೈಯಲ್ಲಿ ಹಿಡಿದು ನೋಡುವಂಥದ್ದು. ಗ್ಯಾಲರಿಗಳು ಅದನ್ನು ಗೋಡೆಯಗಲ ಹಿಗ್ಗಿಸಿದವು. ದೊಡ್ಡ ಪ್ರಿಂಟಿನಲ್ಲಿ ಹೆಂಗಸಿನ ಉಡುಪಿನ ಚಿತ್ತಾರವೂ ಪರದೆಯ ಚಿತ್ತಾರವೂ ಒಂದರೊಳಗೊಂದು ಬೆರೆಯುವುದು ನಿಜಕ್ಕೂ ಬೆರಗು. ಆದರೆ ಕಣ್ಣು ಬಟ್ಟೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಫೋಟೋಗ್ರಾಫರನಿಗೆ ಹೆಸರು ಸಿಕ್ಕಿತು, ಕೂತವರಲ್ಲಿ ಹೆಚ್ಚಿನವರು ಅನಾಮಿಕರಾಗೇ ಉಳಿದರು. ಚಿಕ್ಕ ಪ್ರಿಂಟನ್ನು ಮನೆಯವರು ಮುಖಕ್ಕಾಗಿ ನೋಡುತ್ತಿದ್ದರು.

ನಮ್ಮವ್ವನೂ ವಾಚು ನೋಡಿರಲಿಲ್ಲ. 'ಮಾರಿ ಇಳದೈತಿ, ಹೊತ್ತಿಗೆ ಸರಿಯಾಗಿ ಉಣ್ಣು' ಅಂತ ಕಾಗದ ಬರೆಸಿದ್ದಳು.