ಪರದೇಶದ ಗಂಗಾಳ

ನಮ್ಮ ಪ್ರವಾಸ ಸಾಹಿತ್ಯದಲ್ಲಿ ಊಟದ ಅಧ್ಯಾಯವೊಂದು ಇರಲೇಬೇಕೆಂಬ ಕಟ್ಟಳೆ ಬಿದ್ದಂತಿದೆ. ಲೇಖಕನು ವಿಮಾನದಿಂದಿಳಿಯುತ್ತಾನೆ, ಚಳಿಗೆ ನಡುಗುತ್ತಾನೆ. ಮುಂದಿನ ಪುಟದಲ್ಲಿ ಯಾವುದೋ ಕಪ್ಪು ಪದಾರ್ಥ ಅವನೆದುರು ಬಂದು ಕೂಡುತ್ತದೆ. ಅವನು ಮೂಗು ಮುರಿದು, ಮನೆಯಿಂದ ಕಟ್ಟಿಕೊಂಡು ಹೋದ ಶೇಂಗಾ ಚಟ್ನಿಯನ್ನು ನೆನೆಯುತ್ತಾನೆ. ನಾವು ನಗುತ್ತೇವೆ. ನಗೆ ಬೇಡವೆಂದು ನಾನು ಹೇಳುವವನಲ್ಲ. ಆದರೆ ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’ಗಳಿರುವ ಭಾಷೆಯಲ್ಲಿ, ‘ಅಮೆರಿಕದಲ್ಲಿ ಗೊರೂರು’ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಭಾಷೆಯಲ್ಲಿ, ಈ ನಗೆ ಇಷ್ಟು ಅಗ್ಗವಾಗಬೇಕೆ ಎಂಬುದು ನನ್ನ ತಕರಾರು.

ಹೆಲ್ಸಿಂಕಿಯನ್ನೇ ತೆಗೆದುಕೊಳ್ಳೋಣ. 60 ಡಿಗ್ರಿ ಉತ್ತರ ಅಕ್ಷಾಂಶದ ಆ ಪಟ್ಟಣದಲ್ಲಿ ಡಿಸೆಂಬರದ ಅತಿ ಚಿಕ್ಕ ಹಗಲು 6 ತಾಸನ್ನೂ ಮುಟ್ಟುವುದಿಲ್ಲ. ಅಲ್ಲಿಯ ಮಕ್ಕಳು ಚಪ್ಪರಿಸುವ ಒಂದು ಮಿಠಾಯಿಗೆ ಸಾಲ್ಮಿಯಾಕ್ಕಿ ಎಂದು ಹೆಸರು. ಬಣ್ಣ ಕರಿ, ಒಳಗೆ ಜ್ಯೇಷ್ಠಮಧುವಿನ ಸಿಹಿ, ಮೇಲೆ ನಾಲಗೆಯನ್ನು ಚುರುಗುಟ್ಟಿಸುವ ಉಪ್ಪು. ನಮ್ಮ ಪ್ರವಾಸಿ ಇದನ್ನು ಉಗುಳಿ, ‘ವಿಚಿತ್ರ’ ಎಂದು ಬರೆದು ಮುಂದೆ ಸಾಗುತ್ತಾನೆ. ಆ ಉಪ್ಪು ಯಾವುದೆಂದು ಕೇಳುವುದಿಲ್ಲ. ಅದು ಅಮೋನಿಯಂ ಕ್ಲೋರೈಡ್, ಎಂದರೆ ನಮ್ಮ ನವಸಾಗರ! ಇರಕಲ್ಲಗಡದ ಓಣಿಯಲ್ಲಿ ಕಲಾಯಿಯವನು ತಿದಿ ಊದಿ, ಕಾದ ಹಿತ್ತಾಳೆ ಪಾತ್ರೆಗೆ ತವರ ಸವರುವಾಗ ಚಿಟಿಕೆ ಎರಚಿದರೆ ಬುಸ್ಸೆಂದು ಬಿಳಿ ಹೊಗೆ ಏಳುತ್ತಿತ್ತಲ್ಲ, ಅದೇ. ಹೆಲ್ಸಿಂಕಿಯಲ್ಲಿ ಆ ಮಿಠಾಯಿ ಬಾಯಿಗಿಟ್ಟಾಗ ನನಗೆ ಕಂಡದ್ದು ಆ ಹೊಗೆ. ನಮ್ಮಲ್ಲಿ ಪಾತ್ರೆಗೆ, ಅವರಲ್ಲಿ ಕೂಸಿನ ಬಾಯಿಗೆ! ನಗುವುದಾದರೆ ಇದಕ್ಕೆ ನಗಬೇಕು.

ಮ್ಯಾಮ್ಮಿ ಎಂಬುದು ಇನ್ನೊಂದು. ನಮಗೆ ಜೋಳವಿದ್ದಂತೆ ಅವರಿಗೆ ರೈ ಎಂಬ ಧಾನ್ಯ. ಅದರ ಹಿಟ್ಟಿಗೆ ಅದನ್ನೇ ಮೊಳಕೆ ಬರಿಸಿ, ಒಣಗಿಸಿ, ಬೀಸಿದ ಪುಡಿಯನ್ನು ಕಲಸಿ ಬೆಚ್ಚಗಿಟ್ಟರೆ ತಾನಾಗಿ ಸಿಹಿಯಾಗುತ್ತದೆ. ಕಿತ್ತಳೆ ಜಾತಿಯ ಸಿಪ್ಪೆ ಹಾಕಿ, ಒಲೆಯಲ್ಲಿಟ್ಟು, ತಣಿದ ಮೇಲೆ ಕೆನೆ ಸುರಿದು ಈಸ್ಟರ್ ಹಬ್ಬಕ್ಕೆ ಉಣ್ಣುತ್ತಾರೆ. ನೋಟಕ್ಕೆ ಸಾಕ್ಷಾತ್ ಬಂಡಿಯ ಕೀಲೆಣ್ಣೆ. ಮೊದಲು ಇದನ್ನು ಭೂರ್ಜದ ತೊಗಟೆಯ ಬುಟ್ಟಿಯಲ್ಲಿ ಬೇಯಿಸುತ್ತಿದ್ದರು. ಈಗಿನ ರಟ್ಟಿನ ಡಬ್ಬಿಯ ಮೇಲೂ ಆ ತೊಗಟೆಯದೇ ಚಿತ್ರ. (ಕಾಶ್ಮೀರದ ಪಂಡಿತರು ಗ್ರಂಥ ಬರೆದದ್ದು ಇದೇ ಬಳಗದ ಮರದ ತೊಗಟೆಯ ಮೇಲೆ. ಅವರು ಬರೆದರು, ಇವರು ಬೇಯಿಸಿದರು.)

ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ. ಹಪ್ಪಳ ಸಂಡಿಗೆ ಮಾಳಿಗೆಯ ಮೇಲೆ ಒಣಗುತ್ತವೆ. ಅಲ್ಲಿ ಉಪ್ಪೂಡಿಸಬೇಕು, ಹುದುಗಿಸಬೇಕು, ಹೊಗೆಗಿಡಬೇಕು. ಸ್ವೀಡನ್ನಿನ ಹುಳಿಮೀನಿನ ಡಬ್ಬಿ ಉಬ್ಬುವುದೂ ಒಳಗಿನ ಹುದುಗಿನಿಂದಲೇ. ಇಷ್ಟನ್ನು ಬರೆಯದೆ ಬರಿಯ ‘ನಾತ’ ಎಂದರೆ ವಾಚಕನಿಗೆ ಏನು ದಕ್ಕಿತು? ಒಗರು, ಕಮಟು, ಘಾಟು, ಮುಗ್ಗಲು, ಕರಕು ಎಂದು ಇಷ್ಟು ಮಾತುಗಳುಳ್ಳ ಕನ್ನಡದಲ್ಲಿ ಎಲ್ಲಕ್ಕೂ ‘ವಿಚಿತ್ರ’ವೆಂಬ ಒಂದೇ ಮುದ್ರೆ ಒತ್ತುವುದು ಸೋಮಾರಿತನವೆನ್ನದೆ ವಿಧಿಯಿಲ್ಲ.

ಶೈಲಿಯ ದೋಷ ಇಷ್ಟಕ್ಕೇ ನಿಂತಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಒಬ್ಬರ ಗಂಗಾಳ ನೋಡಿ ಇನ್ನೊಬ್ಬರು ಮೂಗು ಮುಚ್ಚಿಕೊಳ್ಳುವುದು ನಮ್ಮ ಊರುಗಳಲ್ಲಿ ನಿರಪಾಯದ ವಿನೋದವಾಗಿ ಎಂದೂ ಇರಲಿಲ್ಲ. ಯಾರ ಮನೆಯಲ್ಲಿ ಏನು ಬೇಯುತ್ತದೆ ಎಂಬುದರ ಮೇಲೆ ಯಾರನ್ನು ಪಡಸಾಲೆಗೆ ಕರೆಯಬೇಕು, ಯಾರನ್ನು ಅಂಗಳದಲ್ಲೇ ನಿಲ್ಲಿಸಬೇಕು ಎಂದು ತೀರ್ಮಾನವಾಗುತ್ತಿತ್ತು. ಅದು ಪೂರ್ತಿ ಅಳಿದಿಲ್ಲ. ಆ ಮೂಗೇ ಪಾಸ್‌ಪೋರ್ಟ್ ಪಡೆದು ಹೆಲ್ಸಿಂಕಿಗೆ ಹೋಗಿ ‘ಹಾಸ್ಯ’ವಾಗುತ್ತದೆಯೋ ಎಂಬ ಅನುಮಾನ ನನ್ನದು. ಇಂಥ ಅಧ್ಯಾಯಗಳಲ್ಲಿ ತಟ್ಟೆಯಿರುತ್ತದೆ, ಬಡಿಸಿದವರಿರುವುದಿಲ್ಲ; ಗಮನಿಸಿ ನೋಡಿ.

ನನಗೆ ಮ್ಯಾಮ್ಮಿ ಬಡಿಸಿದ ಮುದುಕಿ, ಮೊದಲ ತುತ್ತನ್ನು ಕಣ್ಣು ಮುಚ್ಚಿಕೊಂಡು ತಿನ್ನಿರೆಂದು ತಾನೇ ನಕ್ಕಳು. ಎರಡನೆಯ ಸಲ ನಾನೇ ಕೇಳಿ ಹಾಕಿಸಿಕೊಂಡೆ. ಕೆನೆಯನ್ನು ಮಾತ್ರ ತುಸು ಹೆಚ್ಚು.