ಮೊದಲು ಕಿವಿ, ಆಮೇಲೆ ಕೈ

ಹ್ಯಾಮ್ ರೇಡಿಯೋ ಕಲಿಯಲು ಬರುವ ಹೊಸಬರು ಮೊದಲು ವಿಚಾರಿಸುವುದೇ ಸೆಟ್ ಎಷ್ಟು ವ್ಯಾಟ್‌ನದು ಎಂದು. ಅವರಿಗೆ ನಾನು ‘ರಿಪಬ್ಲಿಕ್’ ಹಡಗಿನ ಕಥೆ ಹೇಳುತ್ತೇನೆ.

1909ರ ಜನವರಿ 23ರ ಬೆಳಗಿನ ಜಾವ. ನ್ಯೂಯಾರ್ಕ್‌ನಿಂದ ಹೊರಟು ನ್ಯಾಂಟಕೆಟ್ ದ್ವೀಪದ ದಕ್ಷಿಣಕ್ಕೆ ಸಾಗುತ್ತಿದ್ದ ಈ ವೈಟ್ ಸ್ಟಾರ್ ಹಡಗಿಗೆ ದಟ್ಟ ಮಂಜಿನಲ್ಲಿ ಇಟಲಿಯ ‘ಫ್ಲೋರಿಡಾ’ ಬಂದು ಗುದ್ದಿತು. ಎಂಜಿನ್ ಕೋಣೆಗೆ ನೀರು ನುಗ್ಗಿ ವಿದ್ಯುತ್ ನಿಂತಿತು. ರೇಡಿಯೋ ಕೋಣೆ ಜಖಂಗೊಂಡಿತು. ಆಪರೇಟರ್ ಜ್ಯಾಕ್ ಬಿನ್ಸ್ 24ರ ಯುವಕ. ಕತ್ತಲಲ್ಲಿ ತಡಕಾಡಿ ಬ್ಯಾಟರಿ ಜೋಡಿಸಿದ. ಮುರಿದ ಮೋರ್ಸ್ ಕೀಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಿಂದ ಒತ್ತುತ್ತ, ಆಗಿನ ಅಪಾಯದ ಕರೆ ‘ಸಿಕ್ಯೂಡಿ’ ಕಳಿಸಿದ.

ಬ್ಯಾಟರಿಯ ಬಲದಲ್ಲಿ ಆ ಕರೆ ಬಹುದೂರ ಹೋಗುವಂತಿರಲಿಲ್ಲ. ಆದರೆ ನ್ಯಾಂಟಕೆಟ್‌ನ ಸಿಯಾಸ್ಕಾನ್ಸೆಟ್ ಕೇಂದ್ರದಲ್ಲಿ ಕಿವಿಗೊಟ್ಟು ಕೂತವರಿದ್ದರು. ಕೇಳಿಸಿದ್ದನ್ನು ಅವರು ತಮ್ಮ ಪ್ರಬಲ ಯಂತ್ರದಿಂದ ಸುತ್ತಲಿನ ಹಡಗುಗಳಿಗೆಲ್ಲ ಮುಟ್ಟಿಸಿದರು. ‘ಬಾಲ್ಟಿಕ್’ ತಿರುಗಿ ಬಂತು. ಆದರೂ ಸಿಗ್ನಲ್ ಯಾವ ದಿಕ್ಕಿನದೆಂದು ತಿಳಿಸುವ ಸಾಧನ ಅದರಲ್ಲಿರಲಿಲ್ಲ. ಮಂಜಿನೊಳಗೆ ದಿನವಿಡೀ ಹುಡುಕಾಟ ನಡೆಯಿತು. ಸದ್ದಿನ ಸಿಡಿಗುಂಡು ಹಾರಿಸುವುದು, ಅದು ಕೇಳಿಸಿತೇ ಎಂದು ರೇಡಿಯೋದಲ್ಲಿ ವಿಚಾರಿಸುವುದು, ಬಂದ ಉತ್ತರ ನೋಡಿ ದಾರಿ ಬದಲಿಸುವುದು. ಸಂಜೆಯ ಹೊತ್ತಿಗೆ ಹಡಗು ಸಿಕ್ಕಿತು.

‘ರಿಪಬ್ಲಿಕ್’ ಪ್ರಯಾಣಿಕರನ್ನು ಅಷ್ಟರಲ್ಲಿ ಫ್ಲೋರಿಡಾಗೆ ದಾಟಿಸಲಾಗಿತ್ತು. ಅದರ ಮೂತಿಯೂ ನಜ್ಜುಗುಜ್ಜಾಗಿದ್ದರಿಂದ, ಎರಡೂ ಹಡಗುಗಳ ಪ್ರಯಾಣಿಕರು ರಾತ್ರಿ ದೋಣಿಗಳಲ್ಲಿ ಬಾಲ್ಟಿಕ್ ಸೇರಿದರು. ಡಿಕ್ಕಿಯ ಪೆಟ್ಟಿಗೆ ಬಲಿಯಾದ ಬೆರಳೆಣಿಕೆಯ ಮಂದಿಯನ್ನು ಬಿಟ್ಟು ಸುಮಾರು 1500 ಜನ ಉಳಿದರು. ಮರುದಿನ, ಎಳೆದೊಯ್ಯುವಾಗ, ‘ರಿಪಬ್ಲಿಕ್’ ಮುಳುಗಿತು.

ಬಿನ್ಸ್‌ಗೆ ಸಿಕ್ಕ ಕೀರ್ತಿ ನ್ಯಾಯವಾದದ್ದೇ. ಆದರೆ ಈ ಘಟನೆಯ ಅರ್ಧ ಪಾಠವನ್ನಷ್ಟೇ ಜಗತ್ತು ಕಲಿಯಿತು. 50 ಅಥವಾ ಹೆಚ್ಚು ಜನರನ್ನು ಒಯ್ಯುವ ಹಡಗಿನಲ್ಲಿ 100 ಮೈಲಿ ಮುಟ್ಟುವ ರೇಡಿಯೋ ಇರಲೇಬೇಕೆಂದು ಅಮೆರಿಕ 1910ರಲ್ಲಿ ಕಾನೂನು ಮಾಡಿತು. ಹಗಲಿರುಳೂ ಕೇಳುವವರು ಇರಲೇಬೇಕೆಂದು ಹೇಳಲಿಲ್ಲ. 1912ರ ಏಪ್ರಿಲ್‌ನಲ್ಲಿ ‘ಟೈಟಾನಿಕ್’ ಕೂಗಿದಾಗ ಹತ್ತಿರದಲ್ಲೇ ಇದ್ದ ‘ಕ್ಯಾಲಿಫೋರ್ನಿಯನ್’ ಹಡಗಿನ ಒಬ್ಬನೇ ಆಪರೇಟರ್ ಯಂತ್ರ ಆರಿಸಿ ಮಲಗಿದ್ದ. ನಿರಂತರ ಕಾವಲಿನ ನಿಯಮ ಬಂದದ್ದು ಆ ಸಾವುಗಳ ನಂತರ.

ಹಾಗಾಗಿ ಹೊಸಬರಿಗೆ ನನ್ನ ಸಲಹೆ: ಹಣವಿದ್ದರೆ ಮೊದಲು ಒಳ್ಳೆಯ ರಿಸೀವರ್‌ಗೆ, ಆಂಟೆನಾಗೆ ಹಾಕಿ. ಕೀ ಮುಟ್ಟುವ ಮುನ್ನ ಬ್ಯಾಂಡ್ ಕೇಳಿ. ಗದ್ದಲದ ಅಡಿಯಲ್ಲಿರುವ ಕ್ಷೀಣ ಸಿಗ್ನಲ್ಲನ್ನು ಹೆಕ್ಕಿ ತೆಗೆಯುವುದನ್ನು ರೂಢಿಸಿಕೊಳ್ಳಿ. ಆಪತ್ತಿನಲ್ಲಿರುವವನ ಸಿಗ್ನಲ್ ಎಷ್ಟೋ ಸಲ ಜೋರಾಗಿರುವುದಿಲ್ಲ.